ನಿರುಪಯುಕ್ತ ವಸ್ತುಗಳ ಪಟ್ಟಿಯಲ್ಲೊಂದು ಪೆಟ್ಟಿಗೆ ಹಾಡು

ನಿವೃತ್ತ ಸರ್ಕಾರಿ ಅಧಿಕಾರಿಯ ದಿನಚರಿ ಹೇಗಿರುತ್ತದೆಂಬ ಬಗ್ಗೆ ನಮ್ಮ ಜನರಲ್ಲಿ ಒಂದು ಖಚಿತ ಕಲ್ಪನೆಯಿದೆ. ಬೆಳಗಿನ ವಾಯುವಿಹಾರ, ಎರಡು ದಿನಪತ್ರಿಕೆ, ಸಂಜೆಗೊಂದು ಉಪನ್ಯಾಸ, ತಿಂಗಳಿಗೊಮ್ಮೆ ಸಂಪಾದಕರಿಗೆ ಪತ್ರ. ನಾನು ಅಮೆರಿಕದ ಜಾಝ್ ಸಂಗೀತದ ಹಳೆಯ ಧ್ವನಿತಟ್ಟೆಗಳನ್ನು ಸಂಗ್ರಹಿಸುತ್ತೇನೆ, ದಿನಕ್ಕೆರಡು ಗಂಟೆ ಅವನ್ನು ಕೇಳುತ್ತೇನೆ ಎಂದಾಗ ತುಮಕೂರಿನ ನನ್ನ ಮಿತ್ರರು ಮಾತು ಬದಲಿಸುತ್ತಾರೆ. ಒಬ್ಬರು ಮಾತ್ರ ನೇರವಾಗಿ ಕೇಳಿದರು: ‘ಗುಬ್ಬಿ ಕಂಪನಿಯ ನಾಡಿನಲ್ಲಿ ಹುಟ್ಟಿ ನಿಮಗೆ ಆ ಪೀಪಿಯ ಹುಚ್ಚು ಯಾಕೆ?’ ಪ್ರಶ್ನೆಯಲ್ಲಿ ತಮಾಷೆಯಿತ್ತು. ನನಗೆ ನಗು ಬರಲಿಲ್ಲ. ಗುಬ್ಬಿ ಕಂಪನಿಯ ಕಾಲದ ಹಾಡುಗಳಿಗೆ ನಾನು ಎಸಗಿದ ಒಂದು ಅಪಚಾರವನ್ನು ಅವರು ಬಲ್ಲವರಲ್ಲ. ಅದನ್ನು ಬರೆದುಬಿಡಬೇಕೆಂದು ಹಲವು ವರ್ಷಗಳಿಂದ ಅಂದುಕೊಂಡಿದ್ದೆ.

ಮೊದಲು ಹುಚ್ಚಿನ ಮೂಲ. ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರ ಓದುತ್ತಿದ್ದ ದಿನಗಳಲ್ಲಿ ಹಾಸ್ಟೆಲ್ಲಿನ ಸಹಪಾಠಿಯೊಬ್ಬನ ಬಳಿ ಶಾರ್ಟ್‌ವೇವ್ ರೇಡಿಯೊ ಇತ್ತು. ರಾತ್ರಿ ಅದರಲ್ಲಿ ‘ವಾಯ್ಸ್ ಆಫ್ ಅಮೆರಿಕ’ದ ಜಾಝ್ ಕಾರ್ಯಕ್ರಮ ಬರುತ್ತಿತ್ತು. 1955ರಲ್ಲಿ ಆರಂಭವಾದ ಆ ಪ್ರಸಾರದ ನಿರೂಪಕ ವಿಲಿಸ್ ಕಾನೋವರ್. ಇಂಗ್ಲಿಷ್ ಚೆನ್ನಾಗಿ ಬಾರದ ಕೇಳುಗರಿಗೂ ಅರ್ಥವಾಗಲೆಂದು ಆತ ಒಂದೊಂದೇ ಪದವನ್ನು ಬಿಡಿಸಿಟ್ಟು ಮಾತನಾಡುತ್ತಿದ್ದ. ಹಳ್ಳಿಯ ಕನ್ನಡ ಶಾಲೆಯಿಂದ ಬಂದಿದ್ದ ನನಗೆ ಆ ಮನುಷ್ಯ ಅರ್ಧ ಇಂಗ್ಲಿಷ್ ಮೇಷ್ಟರೂ ಆದ. ಒಂದು ರಾತ್ರಿ ಡೇವ್ ಬ್ರೂಬೆಕ್ ತಂಡದ ‘ಟೇಕ್ ಫೈವ್’ ಬಂತು. 1959ರ ರಚನೆ. ಆವರ್ತಕ್ಕೆ ಐದು ಎಣಿಕೆ. ಜೊತೆಗಿದ್ದ ಮೈಸೂರಿನ ಗೆಳೆಯ, ಮೃದಂಗ ಕಲಿತಿದ್ದವನು, ತೊಡೆಯ ಮೇಲೆ ತಾಳ ಹಾಕುತ್ತಾ ‘ಇದು ಖಂಡಚಾಪು ಕಣೋ’ ಎಂದ. ಮರುಕ್ಷಣ ತಲೆಯಾಡಿಸಿ ‘ಅಲ್ಲ, ನಮ್ಮದು ಎರಡು–ಮೂರು, ಇವರದ್ದು ಮೂರು–ಎರಡು’ ಎಂದು ತಿದ್ದಿಕೊಂಡ. ದೂರದ್ದೆಂದು ತೋರಿದ್ದು ಪಕ್ಕದ ಮನೆಯದೆನಿಸಿದ್ದು ಆಗಲೇ.

ಮೈಸೂರಿನಲ್ಲಿ ಧ್ವನಿತಟ್ಟೆಯ ವ್ಯಾಮೋಹ ಹೊಸದೇನೂ ಅಲ್ಲ. 1902ರಲ್ಲಿ ಕೋಲ್ಕತ್ತದಲ್ಲಿ ಭಾರತದ ಮೊದಲ ಧ್ವನಿಮುದ್ರಣಗಳು ನಡೆದಾಗ ಹಾಡಿದ ಗೋಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ನಾಲ್ವಡಿಯವರ ಆಸ್ಥಾನದಲ್ಲಿ. 1930ರ ಜನವರಿಯಲ್ಲಿ ತೀರಿಕೊಂಡದ್ದೂ ಮೈಸೂರಿನಲ್ಲಿಯೇ. ಜಯಚಾಮರಾಜ ಒಡೆಯರ್ ಅವರಂತೂ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಮಹಾ ಸಂಗ್ರಾಹಕರು. ಲಂಡನ್ನಿನಲ್ಲಿ ಬಡತನ, ಅನಾರೋಗ್ಯಗಳಿಂದ ನರಳುತ್ತಿದ್ದ ರಷ್ಯದ ಸಂಯೋಜಕ ನಿಕೊಲಾಯ್ ಮೆಟ್ನರ್‌ನ ಕೃತಿಗಳು ಅವನ ಕೈಯಿಂದಲೇ ನುಡಿದು 1940ರ ದಶಕದ ಕೊನೆಯಲ್ಲಿ ಎಚ್‌ಎಂವಿ ತಟ್ಟೆಗಳಾಗಿ ಬಂದದ್ದು ಈ ಮಹಾರಾಜರ ಹಣದಿಂದ. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಸಿದಾಗಲೂ ಖರ್ಚಿನ ಭರವಸೆ ನೀಡಿದವರು ಅವರೇ. ಒಂದು ಸಂಗೀತ ಉಳಿಯಬೇಕಾದರೆ ಯಾರಾದರೂ ಅದಕ್ಕೆ ದುಡ್ಡು ಕೊಟ್ಟಿರಬೇಕು ಎಂಬ ಅರ್ಥಶಾಸ್ತ್ರದ ಮೊದಲ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ನೌಕರಿ ಸಿಕ್ಕ ಮೇಲೆ ನನ್ನ ದುಡ್ಡು ಹೋದದ್ದು ಬೆಂಗಳೂರಿಗೆ. ಎಂಬತ್ತರ ದಶಕದಲ್ಲಿ ಒಂದು ಎಲ್‌ಪಿ ತಟ್ಟೆಗೆ ಐವತ್ತು ರೂಪಾಯಿಯ ಆಸುಪಾಸು ಬೆಲೆ. ಸಭೆಗೆಂದು ಬೆಂಗಳೂರಿಗೆ ಹೋದಾಗಲೆಲ್ಲ ದಂಡು ಪ್ರದೇಶದ ಅಂಗಡಿಗಳಿಗೆ ಹೋಗಿ ಒಂದೆರಡು ತರುತ್ತಿದ್ದೆ. ಭಾನುವಾರಗಳಾದರೆ ಚಿಕ್ಕಪೇಟೆಯ ಕಡೆಯ ಸಂಡೇ ಬಜಾರ್. ಅಲ್ಲಿ ಹಳೆಯ ನಲ್ಲಿ, ಗಡಿಯಾರ, ಬೂಟುಗಳ ನಡುವೆ ಮೈಲ್ಸ್ ಡೇವಿಸ್ ಐದು ರೂಪಾಯಿಗೆ ಸಿಕ್ಕದ್ದುಂಟು. ಮನೆಯವಳು ಇದನ್ನು ಸಹಿಸಿಕೊಂಡಳು ಎನ್ನುವುದಕ್ಕಿಂತ, ಲೆಕ್ಕ ಬರೆದಿಟ್ಟುಕೊಂಡಳು ಎನ್ನುವುದು ಸರಿ. ಆ ಲೆಕ್ಕವನ್ನು ಇಂದಿಗೂ ಸಮಯ ನೋಡಿ ತೆಗೆಯುತ್ತಾಳೆ.

ಈಗ ಆ ಪ್ರಸಂಗ. 1989ನೆಯ ಇಸವಿ. ಇದೇ ಜಿಲ್ಲೆಯ ಒಂದು ಕಚೇರಿಯ ಮುಖ್ಯಸ್ಥನಾಗಿದ್ದೆ. ಹಳೆಯ ಕಟ್ಟಡ, ಹಿಂಭಾಗದಲ್ಲೊಂದು ಉಗ್ರಾಣ. ವಾರ್ಷಿಕ ದಾಸ್ತಾನು ಪರಿಶೀಲನೆ ಮಾಡಿ ನಿರುಪಯುಕ್ತ ವಸ್ತುಗಳನ್ನು ಹರಾಜಿಗಿಡಬೇಕೆಂದು ಸುತ್ತೋಲೆ ಬಂದಿತ್ತು. ಮುರಿದ ಕುರ್ಚಿಗಳು, ತಳವಿಲ್ಲದ ಬಕೆಟ್ಟುಗಳು, ಕೆಟ್ಟ ಪೆಟ್ರೋಮ್ಯಾಕ್ಸ್ ದೀಪಗಳು; ಇವುಗಳ ನಡುವೆ ಒಂದು ಮರದ ಪೆಟ್ಟಿಗೆ. ಯಾವುದೋ ಕಾಲದಲ್ಲಿ ಹಳ್ಳಿಗಳಲ್ಲಿ ಪ್ರಚಾರ ಸಭೆಗೆ ಮುನ್ನ ಜನ ಸೇರಿಸಲು ಹಾಕುತ್ತಿದ್ದ ಗ್ರಾಮಫೋನ್ ಪ್ಲೇಟುಗಳಂತೆ. ಯಂತ್ರ ಎಂದೋ ಕಾಣೆಯಾಗಿತ್ತು. ನಿವೃತ್ತಿಗೆ ಎರಡು ವರ್ಷವಿದ್ದ ಶಿರಸ್ತೇದಾರರು ಮೇಲಿನ ಒಂದು ಪ್ಲೇಟನ್ನು ಪಂಚೆಯ ತುದಿಯಿಂದ ಒರೆಸಿ, ‘ಸ್ವಾಮಿ, ಇವೆಲ್ಲ ಕಂಪನಿ ನಾಟಕದ ಹಾಡುಗಳು. ನಮ್ಮ ತಂದೆ ಹಾಡ್ತಿದ್ರು. ಒಂದು ಸಲ ನೋಡಿ’ ಎಂದರು. ನಾನು ನೋಡಿದೆ. ಕಪ್ಪು, ಭಾರ, ಧೂಳು. ನುಡಿಸಲು ಯಂತ್ರವಿಲ್ಲದ ತಟ್ಟೆ ಉಪಯೋಗಕ್ಕೆ ಬಾರದ ವಸ್ತುವೇ ತಾನೇ? ಪಟ್ಟಿಯಲ್ಲಿ ‘ಹಳೆಯ ಪ್ಲೇಟುಗಳು, ಒಂದು ಪೆಟ್ಟಿಗೆ, ನಿರುಪಯುಕ್ತ’ ಎಂದು ಬರೆಸಿ ಸಹಿ ಹಾಕಿದೆ. ಕುರ್ಚಿಗಳೊಂದಿಗೆ ಒಂದೇ ಲಾಟಿನಲ್ಲಿ ಅದು ಹೋಯಿತು. ಅಂದು ಸಂಜೆ ಮನೆಗೆ ಬಂದು ಕೇಳಿದ್ದು ಬ್ರೂಬೆಕ್ ತಂಡವನ್ನೇ ಎಂಬುದು ನನಗೆ ಸ್ಪಷ್ಟವಾಗಿ ನೆನಪಿದೆ. ಏಕೆಂದರೆ ಆ ತಟ್ಟೆ ತಂದು ವಾರವಾಗಿತ್ತಷ್ಟೇ.

ನಿಯಮದ ಪ್ರಕಾರ ನನ್ನಿಂದ ತಪ್ಪೇನೂ ಆಗಿರಲಿಲ್ಲ. ತಪ್ಪೆಂದು ಹೊಳೆಯಲು ಹದಿನೈದು ವರ್ಷ ಬೇಕಾಯಿತು. ಹೊಳೆಯಿಸಿದ್ದು ಜಾಝ್ ಚರಿತ್ರೆಯೇ.

ಆ ಚರಿತ್ರೆಯಲ್ಲಿ ಒಂದು ಖಾಲಿ ಜಾಗವಿದೆ. 1942ರ ಆಗಸ್ಟ್ 1ರಿಂದ ಅಮೆರಿಕದ ವಾದಕರ ಸಂಘ ಧ್ವನಿಮುದ್ರಣದ ವಿರುದ್ಧ ಮುಷ್ಕರ ಹೂಡಿತು. ದೊಡ್ಡ ಕಂಪನಿಗಳೊಂದಿಗೆ ಅದು ಮುಗಿದದ್ದು 1944ರ ನವೆಂಬರಿನಲ್ಲಿ. ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ ಮೊದಲಾದವರು ‘ಬೀಬಾಪ್’ ಎಂಬ ಹೊಸ ಮಾರ್ಗವನ್ನು ಕಟ್ಟುತ್ತಿದ್ದದ್ದು ಸರಿಯಾಗಿ ಆ ವರ್ಷಗಳಲ್ಲಿ. ಅದರ ಶೈಶವದ ಧ್ವನಿ ಹೆಚ್ಚುಕಡಿಮೆ ನಮಗಿಲ್ಲ. ವಿದ್ವಾಂಸರು ಆ ಎರಡು ವರ್ಷಗಳ ಬಗ್ಗೆ ಇಂದಿಗೂ ಹಲುಬುತ್ತಾರೆ. ಅದೇ 1942ರಲ್ಲಿ ಇನ್ನೊಂದು ಸಂಕಟ ಬಂತು. ತಟ್ಟೆಗಳನ್ನು ತಯಾರಿಸುತ್ತಿದ್ದ ಶೆಲ್ಯಾಕ್ ಎಂಬ ಅಂಟು ಭಾರತದಿಂದ ಹೋಗಬೇಕಿತ್ತು. ಯುದ್ಧದಿಂದಾಗಿ ಅಮೆರಿಕ ಸರ್ಕಾರ ಧ್ವನಿತಟ್ಟೆಗಳಿಗೆ ಅದರ ಬಳಕೆಯನ್ನು ಶೇ 70ರಷ್ಟು ಕಡಿತಗೊಳಿಸಿತು. ಹೊಸದು ಬೇಕಾದವರು ಹಳೆಯದನ್ನು ತಂದು ಕೊಡಬೇಕಾಯಿತು. ಹಳೆಯ ಹಾಡನ್ನು ಅರೆದು ಹೊಸ ಹಾಡು ಮಾಡಿದರು.

ಶೆಲ್ಯಾಕ್ ಎಂದರೆ ಬೇರೇನಲ್ಲ, ನಮ್ಮ ಅರಗು. ಛೋಟಾ ನಾಗಪುರದ ಕಾಡುಗಳಲ್ಲಿ ಮುತ್ತುಗ, ಕುಸುಮ ಮರಗಳ ಕೊಂಬೆಯ ಮೇಲೆ ಒಂದು ಪುಟ್ಟ ಕೀಟ ಸ್ರವಿಸುವ ರಾಳ. ಪಾಂಡವರ ಅರಗಿನ ಮನೆಯ ಅರಗು. ಕುಣಿಗಲ್ಲಿನಿಂದ ಹುಲಿಯೂರುದುರ್ಗ ದಾಟಿ ಹೋದರೆ ಸಿಗುವ ಚನ್ನಪಟ್ಟಣದಲ್ಲಿ ಗೊಂಬೆಗೆ ಬಣ್ಣ ಹಿಡಿಸುವುದೂ ಅದೇ. 1928ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಷಿಕಾಗೊದಲ್ಲಿ ಊದಿದ ‘ವೆಸ್ಟ್ ಎಂಡ್ ಬ್ಲೂಸ್’ ಲೋಕವನ್ನು ತಲುಪಿದ್ದು ಹೀಗೆ ಅರಗಿನ ತಟ್ಟೆಯ ಮೇಲೇರಿ. ನಮ್ಮ ರಂಗನಟರ ಕಂಠ ಹಳ್ಳಿಹಳ್ಳಿಯ ಹೋಟೆಲುಗಳನ್ನು ತಲುಪಿದ್ದೂ ಅದರ ಮೇಲೆಯೇ. ಎರಡೂ ಹತ್ತಂಗುಲದ ತಟ್ಟೆಗಳು, ಎರಡರ ಅವಧಿಯೂ ಮೂರು ನಿಮಿಷದ ಮೇಲೆ ಸ್ವಲ್ಪ. ಒಂದನ್ನು ನಾನು ಭಕ್ತಿಯಿಂದ ಕಾಪಾಡಿಕೊಂಡೆ, ಇನ್ನೊಂದನ್ನು ಮುರಿದ ಕುರ್ಚಿಯ ಜೊತೆ ಮಾರಿದೆ.

2004ರ ಸುಮಾರಿಗೆ ಹುಡುಕಲು ಹೊರಟೆ. ಮೊದಲು ಹರಾಜಿನ ಕಡತ. ನಿಗದಿತ ಅವಧಿ ಮುಗಿದ ಕಾರಣ ನಾಶಪಡಿಸಲಾಗಿದೆ ಎಂದು ತಿಳಿಯಿತು. ಕಡತ ಇಟ್ಟುಕೊಳ್ಳುವ ಅವಧಿಯ ನಿಯಮವನ್ನು ಕಿರಿಯರಿಗೆ ಪಾಠ ಹೇಳಿದವನೇ ನಾನಾದ್ದರಿಂದ ಸುಮ್ಮನೆ ಹಿಂತಿರುಗಿದೆ. ಶಿರಸ್ತೇದಾರರು ತೀರಿಕೊಂಡಿದ್ದರು. ಆಮೇಲಿನ ವರ್ಷಗಳಲ್ಲಿ, ನಿವೃತ್ತಿಯ ನಂತರ ಇನ್ನೂ ಹೆಚ್ಚಾಗಿ, ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಗುಜರಿ ಅಂಗಡಿಗಳನ್ನೂ ಹಳೆಯ ಮನೆಗಳ ಅಟ್ಟಗಳನ್ನೂ ಸುತ್ತಿದ್ದೇನೆ. ಸಿಕ್ಕಿದ್ದರಲ್ಲಿ ಹೆಚ್ಚಿನವು ಸಿನಿಮಾ ಹಾಡುಗಳ ತಟ್ಟೆಗಳು. ಎಷ್ಟೋ ಮನೆಗಳಲ್ಲಿ ಕೇಳಿದ ಉತ್ತರ ಒಂದೇ: ‘ಇದ್ದವು, ಮನೆ ಒಡೆಸಿದಾಗ ಎಸೆದ್ವಿ.’ ಒಂದು ಕಡೆ ತಟ್ಟೆಯನ್ನು ಗಡಿಗೆಯ ಮುಚ್ಚಳ ಮಾಡಿಕೊಂಡಿದ್ದರು. ಸರಿಯಾಗಿ ಕೂತಿತ್ತು.

ನಾನು ಮಾಡಿದ ಇನ್ನೊಂದು ಮೂರ್ಖತನವನ್ನೂ ಹೇಳಬೇಕು. ಮೊದಲು ಸಿಕ್ಕ ಎರಡು ತಟ್ಟೆಗಳ ಜಿಡ್ಡನ್ನು ಎಲ್‌ಪಿಗೆ ಮಾಡುವಂತೆ ಸ್ಪಿರಿಟ್ ಹಾಕಿ ಒರೆಸಿದೆ. ಬಟ್ಟೆಗೆ ಕಪ್ಪು ಬಂತು. ಕೊಳೆ ಹೋಗುತ್ತಿದೆಯೆಂದು ಸಂತೋಷಪಟ್ಟು ಇನ್ನಷ್ಟು ಒರೆಸಿದೆ. ಹೋಗುತ್ತಿದ್ದದ್ದು ಹಾಡು. ಎಲ್‌ಪಿ ವಿನೈಲ್ ಎಂಬ ಪ್ಲಾಸ್ಟಿಕ್ಕಿನದು. ಹಳೆಯ 78 ಸುತ್ತಿನ ತಟ್ಟೆ ಅರಗಿನದು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಬಡಗಿಯವರು ಬಾಗಿಲಿಗೆ ಹಾಕುವ ಸ್ಪಿರಿಟ್ ಪಾಲಿಶ್ ಎಂದರೆ ಅದೇ ದ್ರಾವಣ. ನಮ್ಮ ಬೀದಿಯ ಬಡಗಿಗೆ ತಿಳಿದಿದ್ದ ಸಂಗತಿ ಸ್ನಾತಕೋತ್ತರ ಪದವೀಧರನಿಗೆ ತಿಳಿದಿರಲಿಲ್ಲ.

ಕೊನೆಗೆ ಕುಣಿಗಲ್ಲಿನಲ್ಲಿ ಒಂದು ಸಿಕ್ಕಿತು. ಕೆರೆಯ ಏರಿಗೆ ಹೋಗುವ ದಾರಿಯಲ್ಲಿ ಹಳೆಯ ಪಾತ್ರೆ, ಕಬ್ಬಿಣ ಕೊಳ್ಳುವವನ ಅಂಗಡಿ. ತಟ್ಟೆಯ ಅಂಚಿನಿಂದ ಅರ್ಧದವರೆಗೆ ಬಿರುಕು. ನಡುವಿನ ಕಾಗದ ಸವೆದು ‘ಕ್ಯಾನರೀಸ್’, ‘ಡ್ರಾಮಾ’ ಎಂಬೆರಡು ಇಂಗ್ಲಿಷ್ ಪದಗಳು ಮಾತ್ರ ಉಳಿದಿದ್ದವು. ಆ ಕಾಲದ ಕಂಪನಿಗಳು ಕನ್ನಡವನ್ನು ಹಾಗೆಯೇ ಕರೆಯುತ್ತಿದ್ದವು. ಹಾಡಿದವರ ಹೆಸರು ಪೂರ್ತಿ ಅಳಿಸಿಹೋಗಿತ್ತು. ನಲವತ್ತು ರೂಪಾಯಿ ಕೊಟ್ಟು ತಂದೆ. 78ರ ತಟ್ಟೆಯ ಗೀರು ಅಗಲ. ಎಲ್‌ಪಿಯ ಮುಳ್ಳಿಗಿಂತ ಸುಮಾರು ಮೂರು ಪಟ್ಟು ದಪ್ಪದ ಮುಳ್ಳು ಬೇಕು. ಅದನ್ನು ಬೆಂಗಳೂರಿನಿಂದ ತರಿಸಿಕೊಂಡು ಒಂದು ರಾತ್ರಿ ಹಾಕಿದೆ. ಸುತ್ತಿಗೊಂದು ‘ಟಕ್’, ನಿಮಿಷಕ್ಕೆ ಎಪ್ಪತ್ತೆಂಟು ‘ಟಕ್’. ಅದರ ಹಿಂದೆ ಹಾರ್ಮೋನಿಯಂ, ತಬಲ, ಅವೆರಡರ ಮೇಲೆ ಒಂದು ಗಂಡು ಕಂಠ. ಎತ್ತರದ ಶ್ರುತಿ, ಮೈಕಿಲ್ಲದ ರಂಗದ ಮೇಲೆ ನಿಂತು ಕಟ್ಟಕಡೆಯ ನಾಲ್ಕಾಣೆ ಪ್ರೇಕ್ಷಕನಿಗೆ ಕೇಳಿಸುವಂತೆ ಬೆಳೆಸಿದ ದನಿ. ಆದರೂ ಏನೋ ಸರಿಯಿಲ್ಲ ಎನ್ನಿಸುತ್ತಿತ್ತು. ಕಂಠ ತುಸು ಹಿಂಡಿದಂತೆ, ಆತುರದಲ್ಲಿದ್ದಂತೆ.

ತುಮಕೂರು ಸೀಮೆಯಲ್ಲಿ ಹೀಗೆ ಏನಾದರೂ ಸಂಶಯ ಬಂದರೆ ಕೇಳಲು ಇನ್ನೂ ಜನರಿದ್ದಾರೆ, ಅದು ನಮ್ಮ ಭಾಗ್ಯ. ಕಂಪನಿ ನಾಟಕ ಮುಗಿಯಿತೆಂದು ಬೆಂಗಳೂರಿನವರು ಬರೆಯುತ್ತಾರೆ. ಇಲ್ಲಿನ ಹಳ್ಳಿಗಳಲ್ಲಿ ಸುಗ್ಗಿಯಾದ ಮೇಲೆ ‘ಕುರುಕ್ಷೇತ್ರ’ ಆಡದ ಊರು ಕಡಿಮೆ. ರೈತರು, ಶಿಕ್ಷಕರು, ಬಸ್ ಚಾಲಕರು ಕೈಯಿಂದ ದುಡ್ಡು ಹಾಕಿ ಪಾತ್ರ ಹಿಡಿಯುತ್ತಾರೆ; ಕೃಷ್ಣ, ದುರ್ಯೋಧನರ ಪಾತ್ರಕ್ಕೆ ಹೆಚ್ಚು ವಂತಿಗೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಂದಪದ್ಯ, ಮಟ್ಟುಗಳನ್ನು ಬಾಯಿಪಾಠ ಮಾಡಿಸುತ್ತಾರೆ. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಬೆಳಗಿನ ಜಾವದವರೆಗೆ ಭೀಮ–ದುರ್ಯೋಧನರು ಅಬ್ಬರಿಸುವುದನ್ನು ನಾನೇ ಕೇಳಿದ್ದೇನೆ. 1966ರಲ್ಲಿ ಬೌಮೋಲ್, ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು ಪ್ರದರ್ಶನ ಕಲೆಗಳ ಆರ್ಥಿಕ ಇಕ್ಕಟ್ಟಿನ ಬಗ್ಗೆ ಒಂದು ಪ್ರಸಿದ್ಧ ಗ್ರಂಥ ಬರೆದರು. ಕಾರ್ಖಾನೆಯಲ್ಲಿ ಕಾರ್ಮಿಕನ ಉತ್ಪಾದಕತೆ ವರ್ಷವರ್ಷ ಏರುತ್ತದೆ. ನಾಲ್ವರು ನುಡಿಸುವ ವಾದ್ಯಗೋಷ್ಠಿಗೆ ಇನ್ನೂರು ವರ್ಷಗಳ ನಂತರವೂ ನಾಲ್ವರೇ ಬೇಕು, ಅಷ್ಟೇ ಹೊತ್ತೂ ಬೇಕು. ಹಾಗಾಗಿ ಅದರ ವೆಚ್ಚ ಏರುತ್ತಲೇ ಹೋಗುತ್ತದೆ ಎಂಬುದು ಅವರ ವಾದ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ, ರಂಗದ ಮೇಲೆ ನಿಜವಾದ ಆನೆ, ಕುದುರೆಗಳನ್ನೇ ತಂದು ‘ಕುರುಕ್ಷೇತ್ರ’ ಆಡಿದ ಸಂಸ್ಥೆ, ಆ ವೆಚ್ಚದ ಭಾರವನ್ನು ಹೊತ್ತ ಬಗೆಯನ್ನು ನೋಡಿದರೆ ವೀರಣ್ಣನವರ ಬಗ್ಗೆ ಗೌರವ ಹೆಚ್ಚುತ್ತದೆ. ಆದರೆ ನಟನೇ ಎದುರು ದುಡ್ಡು ಕೊಟ್ಟು ನಟಿಸುವ ತುಮಕೂರಿನ ಪದ್ಧತಿ ಆ ಅರ್ಥಶಾಸ್ತ್ರಜ್ಞರ ಕಣ್ಣಿಗೆ ಬಿದ್ದಿದ್ದರೆ ಗ್ರಂಥಕ್ಕೆ ಒಂದು ಅಧ್ಯಾಯ ಸೇರಿಸುತ್ತಿದ್ದರೇನೋ.

ಗುಬ್ಬಿಯಲ್ಲಿ ಅಂಥ ಒಬ್ಬ ಮೇಷ್ಟ್ರಿದ್ದಾರೆ. ಎಂಬತ್ತು ದಾಟಿದೆ. ಪ್ರಚಾರ ಬೇಡವೆಂದು ಹೇಳಿರುವುದರಿಂದ ಹೆಸರು ಬರೆಯುವುದಿಲ್ಲ. ಯಂತ್ರವನ್ನೂ ತಟ್ಟೆಯನ್ನೂ ಕಾರಿನಲ್ಲಿಟ್ಟುಕೊಂಡು ಹೋದೆ. ಒಂದು ಸಲ ಪೂರ್ತಿ ಕೇಳಿದರು. ಎರಡನೆಯ ಸಲಕ್ಕೆ ತಮ್ಮ ಪೆಟ್ಟಿಗೆ ಎಳೆದುಕೊಂಡು ಮನೆ ಹಿಡಿಯಲು ನೋಡಿದರು. ಸ್ವರ ಎರಡು ಮನೆಗಳ ನಡುವೆ ಬೀಳುತ್ತಿತ್ತು.

‘ಸಾರ್, ಇವರು ಹಾಡಿದ್ದು ಕರಿ ಎರಡು. ನಿಮ್ಮ ಮಿಷನ್ನು ಓಡ್ತಾ ಇದೆ.’

‘78ಕ್ಕೇ ಇಟ್ಟಿದ್ದೀನಿ, ಮೇಷ್ಟ್ರೇ.’

‘ನೀವು ಇಟ್ಟಿರಬೋದು. ಅವರು ಎಷ್ಟಕ್ಕೆ ಇಟ್ಟಿದ್ರೋ!’

ಅವರು ಹೇಳಿದ್ದು ಅಕ್ಷರಶಃ ಸತ್ಯ. ಆ ಕಾಲದ ಮುದ್ರಣಗಳೆಲ್ಲ ನಿಖರವಾಗಿ 78 ಸುತ್ತಿನಲ್ಲಿ ಆದವಲ್ಲ. ಎಪ್ಪತ್ತರ ಆಸುಪಾಸಿನಿಂದ ಎಂಬತ್ತರ ಮೇಲಿನವರೆಗೂ ಇವೆ. ವೇಗವನ್ನು ಅರ್ಧ ಸ್ವರದಷ್ಟು ಇಳಿಸಬೇಕಾದರೆ 78ನ್ನು 73.6ಕ್ಕೆ ತರಬೇಕು, ಶೇ 6ರಷ್ಟು ವ್ಯತ್ಯಾಸ. ನಾವು ಬೇಕಾಗಿದ್ದು ಅದರ ಅರ್ಧ. ವೇಗದ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದೆ; ಮೇಷ್ಟ್ರು ಕರಿ ಎರಡರ ಮೇಲೆ ಬೆರಳಿಟ್ಟು ತಿದಿ ಒತ್ತುತ್ತಾ ಕಣ್ಣುಮುಚ್ಚಿ ಕೂತಿದ್ದರು. ಒಂದು ಹಂತದಲ್ಲಿ ಪೆಟ್ಟಿಗೆಯ ಸ್ವರವೂ ತಟ್ಟೆಯ ಸ್ವರವೂ ಬೇರೆಬೇರೆಯಾಗಿ ಕೇಳದಂತಾದವು. ಕಂಠದ ಹಿಂಡಾಟ ಹೋಯಿತು. ಆತುರವೂ ಹೋಯಿತು. ಮೂವತ್ತೈದರ ಆಸುಪಾಸಿನ ಗಟ್ಟಿ ಆಳೊಬ್ಬ ಕೋಣೆಯೊಳಗೆ ನಿಂತು ಹಾಡುತ್ತಿದ್ದ. ಮೇಷ್ಟ್ರು ಕಣ್ಣು ತೆರೆಯದೆ ‘ಹ್ಞಾಂ, ಈಗ ಬಂದ್ರು’ ಎಂದರು.

ಜಾಝ್ ಕೇಳುಗರು ಇಲ್ಲಿ ನೆನೆಯುವ ಘಟನೆಯೊಂದಿದೆ. ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’, ಆ ಪ್ರಕಾರದಲ್ಲಿಯೇ ಅತಿ ಹೆಚ್ಚು ಮಾರಾಟವಾದ ತಟ್ಟೆಗಳಲ್ಲೊಂದು. 1959ರ ಮಾರ್ಚ್, ಏಪ್ರಿಲ್‌ಗಳಲ್ಲಿ ಮುದ್ರಣವಾಯಿತು. ಮಾರ್ಚ್ ದಿನದ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿತ್ತು. ಹಾಗಾಗಿ ತಟ್ಟೆಯ ಮೊದಲ ಬದಿಯ ಮೂರೂ ರಚನೆಗಳು ನುಡಿಸಿದ್ದಕ್ಕಿಂತ ಎತ್ತರದ ಶ್ರುತಿಯಲ್ಲಿ ಹೊರಬಂದವು. ಇದು ಸರಿಹೋದದ್ದು 1992ರ ಮರುಮುದ್ರಣದಲ್ಲಿ. ಮೂವತ್ತಮೂರು ವರ್ಷ ಲೋಕವೆಲ್ಲ ತಪ್ಪು ಶ್ರುತಿಯನ್ನು ಕೇಳಿ ಮೆಚ್ಚಿತ್ತು. ನನ್ನಲ್ಲಿರುವುದೂ ಆ ತಪ್ಪು ತಟ್ಟೆಯೇ. ಅದನ್ನು ಬದಲಿಸುವ ಮನಸ್ಸಿಲ್ಲ.

ಹಾಡಿದವರು ಯಾರೆಂದು ಮೇಷ್ಟ್ರನ್ನು ಕೇಳಿದೆ. ಇಬ್ಬರು ಮೂವರ ಹೆಸರು ಹೇಳಿ, ಒಂದೊಂದನ್ನೂ ತಾವೇ ಅಲ್ಲಗಳೆದರು. ‘ಕಂಪನಿ ಗಾಯಕಿ, ಅದರಲ್ಲಿ ಸಂಶಯ ಇಲ್ಲ. ಯಾವ ಕಂಪನಿ, ಯಾರು ಅಂತ ಸುಳ್ಳು ಹೇಳಲಾರೆ’ ಎಂದರು. ಆಮೇಲೆ ಇನ್ನೊಂದು ಮಾತು ಹೇಳಿದರು. ಆ ಹಾಡಿನ ಮಟ್ಟು ತಮಗೆ ಗೊತ್ತು, ಅದಕ್ಕೆ ಬೇರೆ ಸಾಹಿತ್ಯ ಕೂಡಿಸಿ ತಮ್ಮ ಗುರುಗಳು ಕಲಿಸಿದ್ದರು, ಈಗಲೂ ಧರ್ಮರಾಯನ ಪಾತ್ರದವರಿಗೆ ತಾವು ಕಲಿಸುತ್ತಾರೆ ಎಂದು. ಹಳೆಯ ನಾಟಕದ ಪುಸ್ತಕಗಳಲ್ಲಿ ಹಾಡಿನ ನೆತ್ತಿಯ ಮೇಲೆ ಇಂಥ ಮಟ್ಟು ಎಂದು ಅಚ್ಚಾಗಿರುತ್ತದೆ; ತ್ಯಾಗರಾಜರ ಕೃತಿಯೋ, ಮರಾಠಿ, ಪಾರ್ಸಿ ರಂಗದ ಧಾಟಿಯೋ ಕನ್ನಡದ ಮಾತು ತೊಟ್ಟು ಬರುತ್ತಿತ್ತು. ಬೀಬಾಪ್ ವಾದಕರು ಮಾಡಿದ್ದೂ ಇದನ್ನೇ. ಗರ್ಷ್ವಿನ್ 1930ರಲ್ಲಿ ರಂಗನಾಟಕವೊಂದಕ್ಕೆ ಬರೆದ ‘ಐ ಗಾಟ್ ರಿದಂ’ ಎಂಬ ಹಾಡಿನ ಚೌಕಟ್ಟಿನ ಮೇಲೆ ಅವರು ಕಟ್ಟಿದ ಹೊಸ ರಾಗರಚನೆಗಳಿಗೆ ಲೆಕ್ಕವಿಲ್ಲ. ಅಲ್ಲಿ ಇದರ ಮೇಲೆ ಸಂಶೋಧನ ಪ್ರಬಂಧಗಳಾಗುತ್ತವೆ. ಇಲ್ಲಿನ ನಮ್ಮ ಮಟ್ಟುಗಳ ವಂಶಾವಳಿ ಗುಬ್ಬಿಯ ಒಂದು ಹಜಾರದಲ್ಲಿ, ಒಬ್ಬ ವೃದ್ಧರ ನೆನಪಿನಲ್ಲಿದೆ.

ಈ ಎರಡು ಲೋಕಗಳು ಎದುರುಬದುರು ಕೂತ ಪ್ರಸಂಗವೂ ಕನ್ನಡನಾಡಿಗಿದೆ. ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಕಲಾವಿದರು, ಗಾಯಕಿ ಆರ್.ಎ. ರಮಾಮಣಿಯವರೊಡನೆ, ಬಾಸ್ಟನ್ನಿನ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮೇರಿಯಾನೊ ಜೊತೆ ಸೇರಿ 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಗೆ ‘ಜ್ಯೋತಿ’ ಎಂಬ ಎಲ್‌ಪಿ ಮಾಡಿಕೊಟ್ಟರು. ಮೇರಿಯಾನೊ ನಾಗಸ್ವರ ಕಲಿತವರು, 2009ರಲ್ಲಿ ತೀರಿಕೊಂಡರು. ನನ್ನ ಸಂಗ್ರಹದಲ್ಲಿ ಮನೆಗೆ ಬೆಂಕಿ ಬಿದ್ದರೆ ಮೊದಲು ಎತ್ತಿಕೊಳ್ಳುವ ತಟ್ಟೆ ಅದು. ಮೇಷ್ಟ್ರಿಗೆ ಅದನ್ನೂ ಹಾಕಿದೆ. ಕೊನ್ನಕ್ಕೋಲು ಬಂದಾಗ ಮುಂದಕ್ಕೆ ಬಾಗಿದರು; ಸ್ಯಾಕ್ಸೊಫೋನ್ ಬಗ್ಗೆ ‘ಒಳ್ಳೆ ಉಸಿರು’ ಎಂದಷ್ಟೇ ಹೇಳಿದರು.

ಈ ಲೇಖನಕ್ಕೆ ಒಂದು ಸಾರ್ವಜನಿಕ ಉದ್ದೇಶವೂ ಇದೆ. ಅಮೆರಿಕದಲ್ಲಿ 2022ರಲ್ಲಿ 4 ಕೋಟಿಗೂ ಹೆಚ್ಚು ವಿನೈಲ್ ತಟ್ಟೆಗಳು ಮಾರಾಟವಾಗಿ ಸಿಡಿಗಳನ್ನು ಹಿಂದಿಕ್ಕಿದವು. ನಮ್ಮ ನಗರಗಳಲ್ಲೂ ಇದು ಶೋಕಿಯಾಗಿದೆ. ಹೊಸ ತಟ್ಟೆಯ ಬೆಲೆ ಕೆಲವು ಸಾವಿರ. ಇದರ ಪರಿಣಾಮವಾಗಿ ಗುಜರಿಯವನಿಗೂ ತಟ್ಟೆಗೆ ಬೆಲೆಯಿದೆಯೆಂದು ಗೊತ್ತಾಗಿದೆ. ನನಗದು ಕಷ್ಟ, ತಟ್ಟೆಗೆ ಒಳ್ಳೆಯದು. ಬೆಲೆಯಿರುವ ವಸ್ತು ಗಡಿಗೆಯ ಮುಚ್ಚಳವಾಗುವುದಿಲ್ಲ. ಆದರೆ ಮಾರುಕಟ್ಟೆ ಬೆಲೆ ಕಟ್ಟುವುದು ಹೆಸರಿರುವ ತಟ್ಟೆಗೆ. ಹೆಸರಳಿದ, ಬಿರುಕು ಬಿಟ್ಟ, ‘ಕ್ಯಾನರೀಸ್’ ನಾಟಕದ ತಟ್ಟೆಗೆ ಗಿರಾಕಿಯಿಲ್ಲ. ಅಲ್ಲಿಗೆ ಸಾರ್ವಜನಿಕ ಸಂಸ್ಥೆ ಬರಬೇಕು. ಜಾಝ್ ಪ್ರೇಮಿ ಮಾರ್ಷಲ್ ಸ್ಟರ್ನ್ಸ್ 1952ರಲ್ಲಿ ತನ್ನ ಸ್ವಂತ ಸಂಗ್ರಹದಿಂದ ಆರಂಭಿಸಿದ ಸಂಸ್ಥೆಯನ್ನು ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯ ವಹಿಸಿಕೊಂಡು ಬೆಳೆಸಿತು. ಗೋಹರ್ ಜಾನ್ ಜೀವನಚರಿತ್ರೆ ಬರೆದ ವಿಕ್ರಮ್ ಸಂಪತ್ ಅವರು ಹಳೆಯ ಭಾರತೀಯ ಮುದ್ರಣಗಳನ್ನು ಗಣಕೀಕರಿಸುವ ಕೆಲಸಕ್ಕೆ ಕೈಹಾಕಿದ್ದಾರೆ. ಗುಬ್ಬಿ ವೀರಣ್ಣನವರ ಜಿಲ್ಲೆ, ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ (1934) ಹಾಡು ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳ ಜಿಲ್ಲೆ ತನ್ನ ಪಾಲಿನದನ್ನು ಮಾಡಬೇಡವೇ? ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೋ ಕಲಾಕ್ಷೇತ್ರದಲ್ಲೋ ಒಂದು ಕೋಣೆ, ವೇಗ ಹೊಂದಿಸಬಹುದಾದ ಒಂದು ಯಂತ್ರ, ಒಂದು ಗಣಕ, ತರಬೇತಾದ ಒಬ್ಬ ಸಿಬ್ಬಂದಿ ಸಾಕು. ಕಾನೂನಿನ ತೊಡಕೂ ಇಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಮಾತ್ರ. ಕಂಪನಿ ನಾಟಕದ ಉಚ್ಛ್ರಾಯ ಕಾಲದ ತಟ್ಟೆಗಳೆಲ್ಲ ಎಂದೋ ಸಾರ್ವಜನಿಕರ ಸ್ವತ್ತಾಗಿವೆ. ಮೇಷ್ಟ್ರಂಥವರನ್ನು ಕೂರಿಸಿಕೊಂಡು ಶ್ರುತಿ ಸರಿಮಾಡಿಸಿಕೊಳ್ಳುವ ಕೆಲಸಕ್ಕೆ ಮಾತ್ರ ಕಾಲಮಿತಿಯಿದೆ. ಈ ಬಗ್ಗೆ ಎರಡು ಮನವಿ ಸಲ್ಲಿಸಿದ್ದೇನೆ. ಎರಡಕ್ಕೂ ಸ್ವೀಕೃತಿ ಬಂದಿದೆ. ನಾನೂ ನನ್ನ ಕಾಲದಲ್ಲಿ ಅಂಥ ಸ್ವೀಕೃತಿಗಳಿಗೆ ಸಹಿ ಹಾಕಿದವನೇ.

ಅಲ್ಲಿಯವರೆಗೆ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲಿ ಇಂಥ ಪ್ಲೇಟುಗಳಿದ್ದರೆ ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ. ಬಿಸಿಲು ಬೀಳದಿರಲಿ. ಒರೆಸುವುದಾದರೆ ಒಣಗಿದ ಮೆತ್ತನೆಯ ಬಟ್ಟೆ, ಸ್ಪಿರಿಟ್ ಬೇಡ. ನಡುವಿನ ಕಾಗದದಲ್ಲಿ ಏನು ಉಳಿದಿದೆಯೋ ಅಷ್ಟನ್ನೂ, ಕಾಗದದ ಅಂಚಿಗೆ ಅರಗಿನಲ್ಲೇ ಒತ್ತಿರುವ ಸಣ್ಣ ಅಂಕಿಗಳನ್ನೂ ಬರೆದಿಟ್ಟುಕೊಳ್ಳಿ. ಕಾಗದ ಹಾಳಾದ ಮೇಲೆ ಗುರುತಿಗೆ ಇರುವುದು ಆ ಅಂಕಿಗಳೇ. ಕುಣಿಗಲ್ಲಿನ ತಟ್ಟೆಯ ಅಂಕಿಗಳನ್ನು ನಾನು ಬರೆದುಕೊಂಡಿದ್ದೇನೆ. ಅದೇ ಅಂಕಿಯ, ಹೆಸರು ಅಳಿಯದ ಇನ್ನೊಂದು ಪ್ರತಿ ಎಲ್ಲೋ ಇದ್ದೀತು.

ಕಳೆದ ತಿಂಗಳು ಮೇಷ್ಟ್ರು ದೂರವಾಣಿ ಮಾಡಿದ್ದರು. ಹೊಸ ಧರ್ಮರಾಯನೊಬ್ಬ ಅಭ್ಯಾಸಕ್ಕೆ ಬರುತ್ತಿದ್ದಾನಂತೆ, ಹಾಲಿನ ಡೈರಿಯಲ್ಲಿ ಕೆಲಸ ಮಾಡುವ ಹುಡುಗ, ಒಳ್ಳೆಯ ಕಂಠವಂತೆ. ಆ ಪ್ಲೇಟನ್ನು ಅವನಿಗೆ ಒಂದು ಸಲ ಕೇಳಿಸಬೇಕು, ಮಿಷನ್ ತಗೊಂಡು ಬನ್ನಿ, ವೇಗ ಮಾತ್ರ ನಾನೇ ಇಡ್ತೀನಿ ಎಂದರು.